ಬಿಸಿಲಿಗೆ ಸಿ.ಡಿ. ಕೆಡುವುದು ಯಾವ ಬದಿಯಿಂದ?

ಸಿ.ಡಿ. ಹಿಡಿಯುವಾಗ ಎಲ್ಲರೂ ಜೋಪಾನ ಮಾಡುವುದು ಹೊಳೆಯುವ ಬದಿಯನ್ನು. ಹೆಸರು ಅಚ್ಚಾದ ಬದಿ ಏನಾದರೇನು ಎಂಬ ಉದಾಸೀನ. ಲೆಕ್ಕ ತಲೆಕೆಳಗಾಗಿದೆ. 1.2 ಮಿಲಿಮೀಟರ್ ದಪ್ಪದ ಬಿಲ್ಲೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಹಾಡು ಕೂತಿರುವುದು ಅದರ ನೆತ್ತಿಯಲ್ಲಿ, ಹೆಸರಿನ ಬದಿಗೆ. ಅದರ ಮೇಲೆ ಅಲ್ಯೂಮಿನಿಯಂನ ತೆಳು ಪದರ, ಅದನ್ನು ಕಾಯಲು ಕೆಲವೇ ಮೈಕ್ರಾನ್ ದಪ್ಪದ ಅಕ್ರಿಲಿಕ್ ಲ್ಯಾಕರ್.

ನೇರಳಾತೀತ ಕಿರಣ ಈ ಲ್ಯಾಕರಿನ ಶತ್ರು ಎಂಬುದು ಅರ್ಧ ಸತ್ಯ. ಅದನ್ನು ಹುಟ್ಟಿಸುವುದೇ ಆ ಕಿರಣ! ಕಾರ್ಖಾನೆಯಲ್ಲಿ ದ್ರವವಾಗಿ ಸುರಿದು, ಬಿಲ್ಲೆಯನ್ನು ಗಿರ್ರನೆ ತಿರುಗಿಸಿ ಹರಡಿ, ನೇರಳಾತೀತ ದೀಪದಡಿ ಹಿಡಿದರೆ ಕ್ಷಣಗಳಲ್ಲಿ ಗಟ್ಟಿಯಾಗುತ್ತದೆ. ಕೆಡುವುದು ವರ್ಷಗಟ್ಟಲೆ ಬಿಸಿಲಿಗೊಡ್ಡಿದಾಗ. ಕಿರಣ ಪಾಲಿಮರಿನ ಸರಪಳಿಗಳನ್ನು ತುಂಡರಿಸುತ್ತದೆ, ಆಮ್ಲಜನಕ ಆ ತುಂಡುಗಳೊಡನೆ ಕೂಡಿಕೊಳ್ಳುತ್ತದೆ; ಲೇಪ ಹಳದಿಗಟ್ಟಿ, ಪೆಡಸಾಗಿ ಬಿರಿಯುತ್ತದೆ. ಬಿರುಕಿನಲ್ಲಿ ತೇವ ಇಳಿದರೆ ಅಲ್ಯೂಮಿನಿಯಂ ಉಳಿಯದು. ಹಕ್ಕಿ ಬೆದರಿಸಲು ಹೊಲದಲ್ಲಿ ದಾರ ಕಟ್ಟಿ ತೂಗಿಬಿಟ್ಟ ಸಿ.ಡಿ.ಯನ್ನು ಒಂದೆರಡು ಮಳೆಗಾಲ ಕಳೆದ ಮೇಲೆ ನೋಡಿ: ಅಂಚಿನಿಂದ ಬೆಳ್ಳಿಬಣ್ಣ ಚೆಕ್ಕೆಚೆಕ್ಕೆಯಾಗಿ ಎದ್ದಿರುತ್ತದೆ, ಅಲ್ಲಲ್ಲಿ ಆಚೆಗಿನ ಪೈರು ಕಾಣುತ್ತದೆ.

ಹಾಗೆಂದು ಕೆಟ್ಟ ಸಿ.ಡಿ.ಗಳಿಗೆಲ್ಲ ಸೂರ್ಯನೇ ಹೊಣೆಯಲ್ಲ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಕಾರ್ಖಾನೆಯೊಂದರಲ್ಲಿ 1988ರ ಸುಮಾರಿನಿಂದ ಕೆಲ ವರ್ಷ ತಯಾರಾದ ಎಷ್ಟೋ ಸಿ.ಡಿ.ಗಳು ಪೆಟ್ಟಿಗೆಯೊಳಗಿದ್ದೇ ಕಂಚಿನ ಬಣ್ಣಕ್ಕೆ ತಿರುಗಿದವು. ಜೊತೆಗಿಟ್ಟ ಕಾಗದದ ಗಂಧಕವನ್ನು ತಡೆಯುವ ಶಕ್ತಿ ಆ ಲ್ಯಾಕರಿಗೆ ಇರಲಿಲ್ಲ.

ಬೆಳಕು ಬಿದ್ದರೆ ಹಾಡು ಅಳಿಸಿಹೋಗುತ್ತದೆಯೇ? ಅಂಗಡಿಯಲ್ಲಿ ಕೊಂಡ ಆಡಿಯೋ ಸಿ.ಡಿ.ಯಲ್ಲಿ ಇಲ್ಲ, ಹಾಡನ್ನು ಹಿಡಿದಿರುವ ಗುಳಿಗಳು ಪ್ಲಾಸ್ಟಿಕ್ಕಿನಲ್ಲೇ ಅಚ್ಚೊತ್ತಿದವು. ಸ್ಟುಡಿಯೋದವರು ಬರೆದುಕೊಟ್ಟ ಮದುವೆ ವಿಡಿಯೋದ ಕಥೆ ಬೇರೆ. ಆ ಸಿ.ಡಿ.-ಆರ್‌ನಲ್ಲಿ ದಾಖಲೆ ಉಳಿದಿರುವುದು ಬಣ್ಣದ ಪದರದಲ್ಲಿ. ಸಯನಿನ್ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಥ್ಯಾಲೋಸಯನಿನ್ ಹೆಚ್ಚು ತಾಳುತ್ತದೆ. ಇಲ್ಲಿ ಲ್ಯಾಕರ್ ನೆಟ್ಟಗಿದ್ದರೂ ಒಳಗಿನದು ಹೋಗಿರಬಹುದು. ಕಿಟಕಿಯ ಗಾಜನ್ನೂ ನೆಚ್ಚುವಂತಿಲ್ಲ. ನೇರಳಾತೀತದಲ್ಲಿ ಯುವಿ-ಬಿ ಎಂಬ ಭಾಗದ ಬಹುಪಾಲನ್ನು ಅದು ತಡೆದರೂ ಯುವಿ-ಎ ಎಂಬ ಭಾಗ ಸಾಕಷ್ಟು ಒಳಬರುತ್ತದೆ, ಕಣ್ಣಿಗೆ ಕಾಣುವ ಬೆಳಕಂತೂ ಬಂದೇ ಬರುತ್ತದೆ.

ಇನ್ನು ಚಿನ್ನದ ಲೇಪದ ಸಿ.ಡಿ.-ಆರ್‌ಗೆ ಸಾವೇ ಇಲ್ಲ ಎನ್ನುವವರಿದ್ದಾರೆ. ಚಿನ್ನ ಕಿಲುಬು ಹಿಡಿಯುವುದಿಲ್ಲ, ನಿಜ. ಬಣ್ಣ ಮಾಸುವುದನ್ನು ಅದು ತಡೆಯುವುದೂ ಇಲ್ಲ.