ಬ್ರಿಟನ್ನಿನ ನಿರ್ಗಮನ ಮತ್ತು ಐರ್ಲೆಂಡಿನ ಗಡಿ

1973ರಲ್ಲಿ ಐರೋಪ್ಯ ಸಮುದಾಯವನ್ನು ಸೇರಿ, 1975ರ ಜನಮತಗಣನೆಯಲ್ಲಿ ಆ ಸದಸ್ಯತ್ವವನ್ನು ಸ್ಥಿರಪಡಿಸಿದ್ದ ಬ್ರಿಟನ್ನು, 2016ರ ಜೂನ್ 23ರಂದು ಶೇಕಡ 51.9 ಮತಗಳಿಂದ ಐರೋಪ್ಯ ಒಕ್ಕೂಟವನ್ನು ತ್ಯಜಿಸಲು ನಿಶ್ಚಯಿಸಿತು. ತಮ್ಮ ಶಾಸನವನ್ನು ತಮ್ಮ ಪಾರ್ಲಿಮೆಂಟೇ ರಚಿಸಬೇಕು, ವಲಸೆಯ ನಿಯಂತ್ರಣವೂ ಅದರ ಅಧೀನದಲ್ಲಿರಬೇಕು ಎಂಬುದು ನಿರ್ಗಮನವಾದಿಗಳ ಹಂಬಲವಾದರೆ, ಸುಂಕವಿಲ್ಲದ ವಿಶಾಲ ಮಾರುಕಟ್ಟೆಯನ್ನೂ ಯೂರೋಪಿನಲ್ಲೆಲ್ಲ ದುಡಿದು ಬಾಳುವ ಹಕ್ಕನ್ನೂ ಕಳೆದುಕೊಳ್ಳುವುದು ಅವಿವೇಕವೆಂಬುದು ಪ್ರತಿಪಕ್ಷದ ವಾದವಾಗಿತ್ತು.

ಎರಡರಲ್ಲಿಯೂ ಸತ್ಯಾಂಶವುಂಟು, ಆದರೆ ಬಿಡುವುದೋ ಉಳಿಯುವುದೋ ಎಂದು ಕೇಳಿದ ಮತಪತ್ರವು, ಬಿಟ್ಟರೆ ಹೇಗೆ ಬಿಡಬೇಕೆಂಬುದನ್ನು ಕೇಳಲೇ ಇಲ್ಲವೆಂಬುದು ನನಗೆ ಮಹಾದೋಷವಾಗಿಯೇ ತೋರುತ್ತದೆ. ಸ್ಕಾಟ್ಲೆಂಡಿನ ಶೇಕಡ 62 ಮತದಾರರೂ, ಉತ್ತರ ಐರ್ಲೆಂಡಿನ ಬಹುಸಂಖ್ಯಾತರೂ ಉಳಿಯಲಿಚ್ಛಿಸಿದ್ದರು.

ವಿವಾದದ ಮರ್ಮಸ್ಥಾನವು ಐರ್ಲೆಂಡಿನಲ್ಲಿತ್ತು. ದಶಕಗಳ ರಕ್ತಪಾತದ ಅನಂತರ 1998ರ ಒಪ್ಪಂದದಿಂದ ಅಲ್ಲಿ ಶಾಂತಿಯುಂಟಾಗಿತ್ತು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಸ್ವತಂತ್ರ ಐರ್ಲೆಂಡಿಗೂ ನಡುವಣ ಗಡಿಯ ಎರಡು ಪಾರ್ಶ್ವಗಳೂ ಒಂದೇ ಒಕ್ಕೂಟದಲ್ಲಿದ್ದುದರಿಂದ ಸರಕುಗಳು ಸುಂಕದಕಟ್ಟೆಯಿಲ್ಲದೆ ಸಂಚರಿಸುತ್ತಿದ್ದವು. ಬ್ರಿಟನ್ನು ಹೊರನಡೆದರೆ ತಪಾಸಣೆಯು ನೆಲದ ಮೇಲೆ ನಡೆಯಬೇಕೋ, ಉತ್ತರ ಐರ್ಲೆಂಡಿಗೂ ಬ್ರಿಟನ್ನಿನ ಉಳಿದ ಭಾಗಕ್ಕೂ ನಡುವಣ ಸಮುದ್ರದಲ್ಲೋ? ಈ ತೊಡಕಿನಿಂದ ಬಿಡಿಸಿಕೊಳ್ಳಲಾರದೆ ಪ್ರಧಾನಿ ಥೆರೇಸಾ ಮೇಯವರು ಒಕ್ಕೂಟದೊಡನೆ ಮಾಡಿಕೊಂಡ ನಿರ್ಗಮನ ಒಪ್ಪಂದವು 2019ರ ಜನವರಿಯಲ್ಲಿ ಪಾರ್ಲಿಮೆಂಟಿನಲ್ಲಿ 202ಕ್ಕೆ 432 ಮತಗಳಿಂದ ತಿರಸ್ಕೃತವಾಯಿತು. ಅವರ ಅನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ನರು ಸಮುದ್ರದ ತಪಾಸಣೆಗೆ ಸಮ್ಮತಿಸಿ, 2020ರ ಜನವರಿ 31ರಂದು ದೇಶವನ್ನು ಹೊರತಂದರು. ಬ್ರಿಟನ್ನಿನೊಡನೆ ಐಕ್ಯವನ್ನೇ ಪ್ರಾಣವೆಂದೆಣಿಸಿದ ಉತ್ತರ ಐರ್ಲೆಂಡಿನ ಪಕ್ಷವು ಇದರಿಂದ ಕ್ಷೋಭೆಗೊಂಡು ಅಧಿಕಾರದಿಂದ ಹಿಂದೆ ಸರಿದುದರಿಂದ, 2022ರ ಫೆಬ್ರವರಿಯಿಂದ ಎರಡು ವರ್ಷಕಾಲ ಬೆಲ್‌ಫಾಸ್ಟಿನ ಪ್ರಾಂತೀಯ ಸರ್ಕಾರವೇ ಸ್ತಬ್ಧವಾಗಿತ್ತು.