ಕೊಕ್ಕೋ ಬೆಳೆದವರ ಒಲೆಯಲ್ಲೂ ಫಡ್ಜ್ ಬೇಯಲಿ

ಅಡಿಕೆ ತೋಟದವರಿಗೆ ಕೊಕ್ಕೋ ಹೊಸತಲ್ಲ. ಕಾಯಿ ಕೊಯ್ಯುವುದು, ಒಡೆಯುವುದು, ಹಸಿಬೀಜ ಚೀಲಕ್ಕೆ ತುಂಬಿ ಕೊಟ್ಟು ಬರುವುದು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಮುಂದೆ ಆ ಬೀಜ ಏನಾಗುತ್ತದೆ ಎಂದು ನೋಡಿದವರು ಕಡಿಮೆ. ಮೂವತ್ತು-ನಲುವತ್ತು ವರ್ಷ ಕೊಕ್ಕೋ ಬೆಳೆದ ಮನೆಗಳಲ್ಲೂ ತಮ್ಮ ತೋಟದ ಬೀಜದಿಂದಲೇ ಆದ ಒಂದು ತುಂಡು ಚಾಕಲೇಟು ತಿಂದವರು ಎಷ್ಟು ಮಂದಿ ಇದ್ದಾರು?

ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ನಡುವೆ 70 ಕೊಕ್ಕೋ ಗಿಡಗಳು. ಸೀಸನಿನಲ್ಲಿ ವಾರಕ್ಕೆ ಎಂಟು-ಹತ್ತು ಕಿಲೋ ಹಸಿಬೀಜ ಸಿಗುತ್ತದೆ. ಅದನ್ನು ಕೊಂಡುಹೋಗಲು ಬೇಸರವಿಲ್ಲ. ತೊಂದರೆ ಇರುವುದು ಉಳಿದ ದಿನಗಳಲ್ಲಿ. ಎರಡು-ಮೂರು ಕಿಲೋ ಬೀಜಕ್ಕಾಗಿ ಪೇಟೆಗೆ ಹೋಗಿ ಬಂದರೆ ಬಸ್ಸಿನ ಖರ್ಚು ಕಳೆದು ಉಳಿಯುವುದೆಷ್ಟು? ಹಸಿಬೀಜ ಇಟ್ಟರೆ ಹುಳಿಯುತ್ತದೆ, ನೀರು ಸೋರುತ್ತದೆ. ಹಾಗಾಗಿ ಆ ಕಾಯಿಗಳು ಮಂಗ, ಅಳಿಲು, ಇಲಿಗಳ ಪಾಲು. ಮಳೆಗಾಲದಲ್ಲಿ ಕೊಳೆರೋಗ ಬೇರೆ.

"ಮಂಗನಿಗೆ ಅರ್ಧ, ಕೊಳೆಗೆ ಕಾಲು. ನಮಗೆಂತ ಉಂಟು? ಕಡಿದುಬಿಡುವ" ಎಂದು ಮನೆಯವರು ಹೇಳಿದ್ದು ಒಂದು ಸಲ ಅಲ್ಲ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಕಡಿಯುವ ಮೊದಲು ಆ ಎರಡು ಕಿಲೋ ಬೀಜದಿಂದ ಮನೆಯಲ್ಲೇ ಏನಾದರೂ ಮಾಡ್ಲಿಕ್ಕೆ ಆಗ್ತದಾ ನೋಡುವ ಎಂದು ನಾನು ಹೊರಟೆ. ಫಡ್ಜ್ ಕಲಿತದ್ದು ಹಾಗೆ.

ಕಡಿದವರ ಕತೆ

ಗಿಡ ಕಡಿಯುವ ಮಾತು ಈ ಜಿಲ್ಲೆಗೆ ಹೊಸತಲ್ಲ. 1980ರ ಆಸುಪಾಸಿನಲ್ಲಿ ಕೊಕ್ಕೋ ಬೆಲೆ ಬಿದ್ದು, ಕೇಳುವವರೇ ಇಲ್ಲದಾದಾಗ ಎಷ್ಟೋ ತೋಟಗಳಲ್ಲಿ ಗಿಡಗಳು ನೆಲಕ್ಕುರುಳಿದವು. ಆಗ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಗಿಡ ಉಳಿಸಿಕೊಂಡವರಿಗೆ ಅದರಿಂದ ಧೈರ್ಯ ಬಂತು.

ಬೆಲೆಯ ಏರಿಳಿತ ಮಾತ್ರ ನಮ್ಮ ಕೈಯಲ್ಲಿಲ್ಲ. ಜಗತ್ತಿನ ಕೊಕ್ಕೋದಲ್ಲಿ ಅರ್ಧಕ್ಕೂ ಹೆಚ್ಚು ಬರುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಅಲ್ಲಿ ಬೆಳೆ ಕೈಕೊಟ್ಟಾಗ 2024ರಲ್ಲಿ ಜಾಗತಿಕ ಧಾರಣೆ ಟನ್ನಿಗೆ 10,000 ಡಾಲರ್ ದಾಟಿತು. 2025ರಲ್ಲಿ ಮತ್ತೆ ಇಳಿಯಿತು. ಅಲ್ಲಿ ಮಳೆ ಹೆಚ್ಚುಕಡಿಮೆಯಾದರೆ ಇಲ್ಲಿ ನಮ್ಮ ಲೆಕ್ಕ ತಪ್ಪುತ್ತದೆ. ಮನೆಯಲ್ಲಿ ಫಡ್ಜ್ ಮಾಡಿದ ಮಾತ್ರಕ್ಕೆ ಇದೆಲ್ಲ ಸರಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಹಾಳಾಗುವ ಬೀಜವಾದರೂ ಉಪಯೋಗಕ್ಕೆ ಬರಲಿ, ಅಷ್ಟೇ.

ಫಡ್ಜ್ ಯಾಕೆ, ಚಾಕಲೇಟ್ ಯಾಕಲ್ಲ?

ಅಂಗಡಿಯ ಬಾರ್ ಚಾಕಲೇಟಿಗೆ ಬೀಜವನ್ನು ನಾಲಿಗೆಗೆ ತಾಗದಷ್ಟು ನುಣ್ಣಗೆ ಅರೆಯಬೇಕು. ಗಂಟೆಗಟ್ಟಲೆ ತಿರುವಬೇಕು. ಆಮೇಲೆ ಸರಿಯಾದ ಬಿಸಿಯಲ್ಲಿ ಹದ ಮಾಡಿ ಅಚ್ಚಿಗೆ ಹೊಯ್ಯಬೇಕು. ಮನೆಯಲ್ಲಿ ಕಷ್ಟ. ಕೊಕ್ಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ. ಏಪ್ರಿಲ್-ಮೇ ಸೆಕೆಯಲ್ಲಿ ಬಾರ್ ಮಾಡಿಟ್ಟರೆ ಸಂಜೆಗೆ ಪಾಯಸ!

ಫಡ್ಜ್ ಹಾಗಲ್ಲ. ಅದು ಗಟ್ಟಿ ನಿಲ್ಲುವುದು ಸಕ್ಕರೆಯ ಸಣ್ಣ ಸಣ್ಣ ಹರಳುಗಳ ಬಲದಿಂದ. ಬೀಜ ಸ್ವಲ್ಪ ತರಿ ಇದ್ದರೂ ನಡೆಯುತ್ತದೆ. ಹುಟ್ಟಿದ್ದು ಅಮೆರಿಕದಲ್ಲಿ, ಅದೂ ಮನೆ ಒಲೆಯ ತಿಂಡಿಯಾಗಿ. ಅಲ್ಲಿನ ವಸ್ಸಾರ್ ಎಂಬ ಮಹಿಳಾ ಕಾಲೇಜಿನಲ್ಲಿ ಎಮಿಲಿನ್ ಹಾರ್ಟ್‌ರಿಜ್ ಎಂಬ ವಿದ್ಯಾರ್ಥಿನಿ 1888ರಲ್ಲಿ ಕಾಲೇಜಿನ ಹರಾಜಿಗಾಗಿ 30 ಪೌಂಡು, ಅಂದರೆ ಹದಿಮೂರೂವರೆ ಕಿಲೋ ಫಡ್ಜ್ ಮಾಡಿದ್ದರಂತೆ. ಅವರೇ ಮುಂದೆ ಬರೆದ ಪತ್ರದಲ್ಲಿ ಈ ವಿಷಯ ಉಂಟು. ಬಾಲ್ಟಿಮೋರ್ ಪೇಟೆಯಲ್ಲಿ 1886ರಲ್ಲೇ ಇದು ಪೌಂಡಿಗೆ 40 ಸೆಂಟಿನಂತೆ ಮಾರಾಟವಾಗುತ್ತಿತ್ತು ಎಂದೂ ಬರೆದಿದ್ದಾರೆ. ಸಕ್ಕರೆ, ಕೆನೆ ಅಥವಾ ಹಾಲು, ಸಿಹಿಯಿಲ್ಲದ ಚಾಕಲೇಟ್, ಬೆಣ್ಣೆ: ಆ ಕಾಲದ ಸಾಮಾನು ಇಷ್ಟೇ. ಸಕ್ಕರೆಯೊಂದು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಹಟ್ಟಿ-ತೋಟದಲ್ಲೇ ಉಂಟಲ್ಲ?

ಮೊದಲು ಬೀಜ ಹುಳಿಯಬೇಕು

ರುಚಿ ಹುಟ್ಟುವುದು ಒಲೆಯಲ್ಲಲ್ಲ, ಬುಟ್ಟಿಯಲ್ಲಿ. ಹುಳಿಯದ ಬೀಜಕ್ಕೆ ಚಾಕಲೇಟಿನ ಪರಿಮಳವೇ ಬರುವುದಿಲ್ಲ. ಬರೀ ಕಹಿ, ಒಗರು.

ಸಣ್ಣ ಬೆಳೆಗಾರರಿಗೆ ಸಣ್ಣ ಬುಟ್ಟಿಯ ಕ್ರಮ ಉಂಟು. ಎರಡು ಕಿಲೋ ಹಸಿಬೀಜ ಇದ್ದರೂ ಸಾಕು. ಅದಕ್ಕಿಂತ ಕಡಿಮೆಯಾದರೆ ಒಳಗೆ ಬಿಸಿ ಏರುವುದಿಲ್ಲ. ಹಣ್ಣಾಗಿ ಹಳದಿಗೆ ತಿರುಗಿದ ಕಾಯಿಗಳನ್ನೇ ಕೊಯ್ಯಿರಿ. ಎರಡು ಕಿಲೋ ಒಟ್ಟಾಗಲು ಮೂರು-ನಾಲ್ಕು ದಿನ ಕಾಯಿಯಾಗಿಯೇ ಇಟ್ಟರೂ ತೊಂದರೆಯಿಲ್ಲ. ಕತ್ತಿಯಿಂದ ಕಡಿಯದೆ ಕಲ್ಲಿಗೆ ಕುಟ್ಟಿ ಒಡೆದರೆ ಬೀಜಕ್ಕೆ ಗಾಯವಾಗುವುದಿಲ್ಲ. ನಡುವಿನ ನಾರು ತೆಗೆಯಿರಿ. ಕೊಳೆತ ಕಾಯಿಯ ಬೀಜ ಬೇಡವೇ ಬೇಡ.

ಒಂದು ಗೇಣು ಅಗಲದ ಬೆತ್ತದ ಬುಟ್ಟಿಗೆ ಹರಿದ ಬಾಳೆಲೆ ಹಾಸಿ ಬೀಜ ತುಂಬಿಸಿ ಒತ್ತಿ. ಮೇಲೂ ಬಾಳೆಲೆ ಮುಚ್ಚಿ. ರಸ ಇಳಿದು ಹೋಗುವ ಹಾಗೆ ಎರಡು ಕಲ್ಲಿನ ಮೇಲೆ ಇಡಿ. ಮರುದಿನ ಗೋಣಿ ಹೊದೆಸಿ. ಎರಡು ದಿನ ಆದ ಮೇಲೆ ಒಮ್ಮೆ, ನಾಲ್ಕು ದಿನ ಆದ ಮೇಲೆ ಇನ್ನೊಮ್ಮೆ ಹೊರತೆಗೆದು ಚೆನ್ನಾಗಿ ಮಗುಚಿ ಪುನಃ ತುಂಬಿಸಬೇಕು. ಕೈ ಹಾಕಿದರೆ ಬಿಸಿ ತಾಗುತ್ತದೆ. ಆರು ದಿನಕ್ಕೆ ಕೆಲಸ ಮುಗಿಯಿತು.

ಆಮೇಲೆ ಬಿಸಿಲು. ತೆಳ್ಳಗೆ ಹರಡಿ ಐದರಿಂದ ಏಳು ದಿನ ಒಣಗಿಸಿ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಚಟಪಟ ಎನ್ನಬೇಕು. ಮಳೆ ಬಂತೆಂದು ಹೊಗೆಯಾಡುವ ಅಟ್ಟಕ್ಕೆ ಹಾಕಬೇಡಿ. ಅಡಿಕೆಗೆ ಅದು ನಡೆದೀತು, ಕೊಕ್ಕೋಕ್ಕೆ ಹೊಗೆ ವಾಸನೆ ಹಿಡಿದರೆ ಮತ್ತೆ ಹೋಗುವುದಿಲ್ಲ. ನಾಲ್ಕು ಬೀಜ ಸೀಳಿ ನೋಡಿ. ಒಳಗೆ ಕಂದು ಬಣ್ಣ ಇದ್ದರೆ ಸರಿ. ನೇರಳೆ ಬಣ್ಣವೇ ಉಳಿದಿದ್ದರೆ ಹುಳಿದದ್ದು ಸಾಲದು.

ಹುರಿ, ಕೇರು, ಅರೆ

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಬೆಂಕಿಯಲ್ಲಿ 25-30 ನಿಮಿಷ ಹುರಿಯಿರಿ. ಕೈ ಬಿಡದೆ ತಿರುವುತ್ತಿರಬೇಕು. ಸಿಪ್ಪೆ ಸಿಡಿಯುವ ಸದ್ದು, ಆಮೇಲೆ ಇಡೀ ಮನೆಗೆ ಪರಿಮಳ. ಶುಚಿತ್ವದ ದೃಷ್ಟಿಯಿಂದಲೂ ಹುರಿಯುವುದನ್ನು ಬಿಡಬಾರದು. ಬುಟ್ಟಿಯಲ್ಲಿ ಹುಳಿದು ಅಂಗಳದಲ್ಲಿ ಒಣಗಿದ ಬೀಜ ಅದು.

ಆರಿದ ಮೇಲೆ ಲಟ್ಟಣಿಗೆಯಿಂದ ಜಜ್ಜಿ ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿ ಹೋಗುತ್ತದೆ. ಸಿಪ್ಪೆ ಗೊಬ್ಬರದ ಗುಂಡಿಗೆ ಹಾಕಿ. ಆದರೆ ಸಿಪ್ಪೆಯಾಗಲಿ ಬೀಜವಾಗಲಿ ನಾಯಿಯ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ. ಕೊಕ್ಕೋದಲ್ಲಿರುವ ಥಿಯೋಬ್ರೊಮಿನ್ ನಾಯಿಗಳಿಗೆ ವಿಷ.

ಬೀಜದ ತಿರುಳನ್ನು ಮಿಕ್ಸಿಯ ಸಣ್ಣ ಜಾರಿಗೆ ಹಾಕಿ. ಅರ್ಧ ನಿಮಿಷ ಓಡಿಸಿ, ಸ್ವಲ್ಪ ನಿಲ್ಲಿಸಿ, ಪುನಃ ಓಡಿಸಿ. ಮೊದಲು ಪುಡಿಯಾಗುತ್ತದೆ. ಆಮೇಲೆ ಬದಿಗೆ ಅಂಟುತ್ತದೆ. ಕೆರೆದು ಕೆರೆದು ಓಡಿಸಿದರೆ ಬಿಸಿಗೆ ಎಣ್ಣೆ ಬಿಟ್ಟು ದೋಸೆ ಹಿಟ್ಟಿನಂತೆ ಸಡಿಲವಾಗುತ್ತದೆ. ತಿರುಳಿನಲ್ಲಿ ಅರ್ಧದಷ್ಟು ಬೆಣ್ಣೆಯೇ ಇರುವುದರಿಂದ ನೀರು ಬೇಡ. ಒಂದು ಹನಿ ಬಿದ್ದರೂ ಗಂಟು ಕಟ್ಟುತ್ತದೆ. ಇದನ್ನು ಬಟ್ಟಲಿಗೆ ಹೊಯ್ದರೆ ತಣಿದು ಗಟ್ಟಿಯಾಗುತ್ತದೆ. ಇದೇ ಸಿಹಿಯಿಲ್ಲದ ಚಾಕಲೇಟ್. ಒಣ ಡಬ್ಬದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಫಡ್ಜ್‌ಗೆ ಬೇಕಾದದ್ದು

ಸಕ್ಕರೆ: 400 ಗ್ರಾಂ
ನೀರು ಹಾಕದ ದಪ್ಪ ಹಾಲು: ಕಾಲು ಲೀಟರಿಗೆ ಸ್ವಲ್ಪ ಕಡಿಮೆ
ಕೊಕ್ಕೋ ಮುದ್ದೆ: 60 ಗ್ರಾಂ
ಜೇನು: 1 ಚಮಚ
ಬೆಣ್ಣೆ: ಸಣ್ಣ ನಿಂಬೆ ಗಾತ್ರ
ಉಪ್ಪು: ಒಂದು ಚಿಟಿಕೆ

ಮಾಡುವ ಕ್ರಮ

ಬೆಣ್ಣೆ ಬಿಟ್ಟು ಉಳಿದದ್ದನ್ನೆಲ್ಲ ದಪ್ಪ ತಳದ ಪಾತ್ರೆಗೆ ಹಾಕಿ ಸಣ್ಣ ಬೆಂಕಿಯಲ್ಲಿ ಕಲಸುತ್ತಾ ಬಿಸಿ ಮಾಡಿ. ಪಾತ್ರೆ ದೊಡ್ಡದಿರಲಿ, ಹಾಲು ಉಕ್ಕುತ್ತದೆ. ಸಕ್ಕರೆ ಪೂರ್ತಿ ಕರಗಿದ ಮೇಲೆಯೇ ಕುದಿ ಬರಬೇಕು. ಕುದಿ ಬಂದ ಕೂಡಲೇ ಸಟ್ಟುಗ ಹೊರಗೆ. ಬದಿಗೆ ಅಂಟಿದ ಸಕ್ಕರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಅಲ್ಲಿ ಉಳಿದ ಒಂದು ಹರಳು ಇಡೀ ಪಾಕವನ್ನು ಮರಳು ಮರಳು ಮಾಡಬಲ್ಲದು.

ಹದ ಬರುವುದು 114 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಥರ್ಮಾಮೀಟರ್ ಇಲ್ಲದಿದ್ದರೆ ಚಿಂತೆಯಿಲ್ಲ. ತಣ್ಣೀರಿಗೆ ಒಂದು ಹನಿ ಬಿಡಿ. ಬೆರಳಲ್ಲಿ ಉಂಡೆ ಕಟ್ಟಲು ಬರಬೇಕು, ನೀರಿನಿಂದ ತೆಗೆದರೆ ಮೆತ್ತಗೆ ಚಪ್ಪಟೆಯಾಗಬೇಕು. ನಮ್ಮ ಅತ್ತೆ ನೋಡಿದವರೇ, "ಇದು ಉಂಡೆ ಪಾಕ ಅಲ್ವಾ? ಇದಕ್ಕೆ ಪುಸ್ತಕ ಯಾಕೆ?" ಎಂದರು. ಹೌದು, ಪಾಕದ ಹದ ಗೊತ್ತಿರುವ ಹೆಂಗಸರಿಗೆ ಫಡ್ಜ್ ಕಲಿಸಬೇಕಾಗಿಲ್ಲ.

ಬರ್ಫಿಗೂ ಇದಕ್ಕೂ ವ್ಯತ್ಯಾಸ ಇರುವುದು ಮುಂದಿನ ಹಂತದಲ್ಲಿ. ಬರ್ಫಿಯನ್ನು ಬಿಸಿಯಲ್ಲೇ ತಿರುವಿ ತಟ್ಟೆಗೆ ಹಾಕುತ್ತೇವೆ. ಫಡ್ಜನ್ನು ಕೆಳಗಿಳಿಸಿ ಬೆಣ್ಣೆಯನ್ನು ಮೇಲೆ ಇಟ್ಟು ಮುಟ್ಟದೆ ಬಿಡಬೇಕು. ಕಲಸಬಾರದು, ಅಲುಗಿಸಬಾರದು. ಪಾತ್ರೆಯ ತಳ ಅಂಗೈಗೆ ಬೆಚ್ಚಗೆ ತಾಗುವಷ್ಟು, ಅಂದರೆ 43 ಡಿಗ್ರಿ ಆಸುಪಾಸಿಗೆ ಇಳಿಯಲಿ. ಒಂದು ಗಂಟೆ ಬೇಕಾದೀತು. ಬಿಸಿಯಲ್ಲೇ ಕಲಸಿದರೆ ಕೆಲವೇ ದೊಡ್ಡ ಹರಳುಗಳಾಗಿ ಹಲ್ಲಿಗೆ ಕರಕರ ಎನ್ನುತ್ತದೆ. ತಣಿದ ಮೇಲೆ ಕಲಸಿದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳು ಒಟ್ಟಿಗೇ ಹುಟ್ಟುತ್ತವೆ. ಬಾಯಿಗೆ ಬೆಣ್ಣೆಯ ಹಾಗೆ ನುಣ್ಣಗಾಗುತ್ತದೆ.

ಆಮೇಲೆ ಮರದ ಸಟ್ಟುಗದಿಂದ ಜೋರಾಗಿ ತಿರುವಿ. ಹತ್ತು-ಹದಿನೈದು ನಿಮಿಷ ಕೈಗೆ ಕೆಲಸ. ಮನೆಯವರನ್ನೂ ಮಕ್ಕಳನ್ನೂ ಕರೆಯಬಹುದು! ಹೊಳಪು ಹೋಗಿ ಮಂದವಾಗುತ್ತಾ ಬಂದ ಕೂಡಲೇ ತುಪ್ಪ ಸವರಿದ ತಟ್ಟೆಗೆ ಹೊಯ್ಯಿರಿ. ತಡ ಮಾಡಿದರೆ ಪಾತ್ರೆಯಲ್ಲೇ ಕಲ್ಲು. ಚಾಕುವಿನಿಂದ ಗೆರೆ ಹಾಕಿಟ್ಟು, ಪೂರ್ತಿ ತಣಿದ ಮೇಲೆ ತುಂಡು ಮಾಡಿ.

ಹದ ತಪ್ಪಿದರೆ

ಮೇಣದಂತೆ ಮೆತ್ತಗೇ ಉಳಿದರೂ, ಮರಳು ಮರಳಾದರೂ ಬಿಸಾಡಬೇಡಿ. ಅರ್ಧ ಲೋಟ ಹಾಲು ಹಾಕಿ ಕರಗಿಸಿ ಮೊದಲಿನಿಂದ ಕುದಿಸಿ. ಪುನಃ ಸರಿಯಾಗುತ್ತದೆ.

ಮಳೆಗಾಲದ ಗಾಳಿಯ ಪಸೆಯನ್ನು ಸಕ್ಕರೆ ಎಳೆದುಕೊಳ್ಳುತ್ತದೆ. ಆ ದಿನಗಳಲ್ಲಿ ಪಾಕ ಒಂದು ಡಿಗ್ರಿ ಹೆಚ್ಚೇ ಏರಲಿ. ಗಾಳಿಯಾಡದ ಡಬ್ಬದಲ್ಲಿ ನಾವು ಹತ್ತು ದಿನ ಇಟ್ಟು ತಿಂದಿದ್ದೇವೆ.

ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಬೆಲ್ಲಕ್ಕೆ ಹಾಲು ಒಡೆಯುವ ಭಯ ಉಂಟು. ಅದಲ್ಲದೆ ಅಂಟಂಟಾಗಿ ಗಟ್ಟಿ ಹಿಡಿಯುವುದು ಕಷ್ಟ. ಮೊದಲು ಸಕ್ಕರೆಯಲ್ಲಿ ಕೈ ಪಳಗಲಿ.

ಲೆಕ್ಕ ಹೀಗೆ

ಒಂದು ಕಿಲೋ ಹಸಿಬೀಜ ಒಣಗಿದರೆ ಮೂರರಲ್ಲೊಂದು ಪಾಲು. ಹುರಿದು ಸಿಪ್ಪೆ ಕಳೆದರೆ ಸುಮಾರು 260 ಗ್ರಾಂ ತಿರುಳು. ಅದರಲ್ಲಿ ನಾಲ್ಕು ಸಲ ಫಡ್ಜ್ ಮಾಡಬಹುದು. ಒಂದು ಸಲಕ್ಕೆ ಅರ್ಧ ಕಿಲೋಗೆ ಮಿಕ್ಕಿ ಸಿಗುತ್ತದೆ. ಅಂದರೆ ಒಂದು ಕಿಲೋ ಹಸಿಬೀಜಕ್ಕೆ ಎರಡು ಕಿಲೋ ಫಡ್ಜ್. ಒಂದು ಪಾಕಕ್ಕೆ ಎರಡು-ಮೂರು ಕಾಯಿ ಸಾಕು. ಅಳಿಲು ದಿನಕ್ಕೆ ಅಷ್ಟು ತೂತು ಮಾಡುತ್ತದೆ!

ಹಾಗೆಂದು ಹಿಗ್ಗಬೇಡಿ. ಆ ಎರಡು ಕಿಲೋದಲ್ಲಿ 1,600 ಗ್ರಾಂ ಸಕ್ಕರೆಯೇ. ಹಾಲು, ಬೆಣ್ಣೆ, ಗ್ಯಾಸು, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಹೊತ್ತು ಹೋಗುತ್ತದೆ. ಆ ದುಡಿಮೆಗೆ ಬೆಲೆ ಕಟ್ಟದೆ ಲಾಭ ಎನ್ನಬಾರದು. ಮಾರುವ ಆಲೋಚನೆ ಇದ್ದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಯೇ ಹೊರಡಿ. ಸಕ್ಕರೆ ಕಾಯಿಲೆಯವರು ಒಂದು ತುಂಡಿಗೆ ನಿಲ್ಲಿಸುವುದು ಒಳ್ಳೆಯದು.

ಸೀಸನಿನ ಬೀಜವನ್ನು ನಾವು ಈಗಲೂ ಹಸಿಯಾಗಿಯೇ ಮಾರುತ್ತೇವೆ. ಉಳಿದ ದಿನಗಳ ಎರಡು-ಮೂರು ಕಿಲೋ ಮಾತ್ರ ಬುಟ್ಟಿಗೆ. ಚೌತಿಗೆ, ದೀಪಾವಳಿಗೆ, ನೆಂಟರು ಬಂದಾಗ ಅಂಗಡಿಯಿಂದ ಚಾಕಲೇಟ್ ತರುವುದು ನಿಂತಿದೆ. ಮಂಗ ತಿನ್ನುವುದೇನೂ ಕಡಿಮೆಯಾಗಿಲ್ಲ. ಆದರೆ ಕಾಯಿ ಹಣ್ಣಾಗುವುದನ್ನು ಈಗ ಮಕ್ಕಳು ಕಾಯುತ್ತಾರೆ, ಹಳದಿ ಕಂಡರೆ ಓಡಿಬಂದು ಹೇಳುತ್ತಾರೆ. ಕಡಿಯುವ ಮಾತು ಮನೆಯಲ್ಲಿ ಸದ್ಯಕ್ಕೆ ಎದ್ದಿಲ್ಲ.

ನಿಮ್ಮಲ್ಲೂ ಹತ್ತು ಗಿಡ ಇರಬಹುದು. ಒಂದು ಬುಟ್ಟಿ ಇಟ್ಟು ನೋಡಿ. ಬೆಲ್ಲದಲ್ಲಿ ಯಾರಾದರೂ ಹದ ಹಿಡಿದಿದ್ದರೆ ದಯವಿಟ್ಟು ಬರೆಯಿರಿ. ನಮಗೂ ಕಲಿಯಲಿಕ್ಕುಂಟು.