ಮೊದಲ ಬೈಸಿಕಲ್ಲು: ಒಂದೇ ಗೇರು ಸಾಕೇ?

ಮಕ್ಕಳು ಹಲವು ಗೇರುಗಳುಳ್ಳ ಬೈಸಿಕಲ್ಲನ್ನೇ ಬಯಸುವುದು ಸಹಜ. ಬೆಲೆಯನ್ನು ಕೇಳಿ ತಂದೆತಾಯಿಗಳು ಹಿಂಜರಿಯುವುದೂ ಸಹಜವೇ. ಕೊಳ್ಳುವ ಮೊದಲು ಅಂಗಡಿಯನ್ನಲ್ಲ, ದಿನನಿತ್ಯದ ದಾರಿಯನ್ನು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಪೆಡಲಿನ ಬಳಿಯ ಹಲ್ಲಿನ ಚಕ್ರಕ್ಕೆ 44, ಹಿಂದಿನದಕ್ಕೆ 18 ಹಲ್ಲುಗಳಿದ್ದರೆ, ಪೆಡಲು ಒಂದು ಸುತ್ತು ತಿರುಗುವಷ್ಟರಲ್ಲಿ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. 28 ಅಂಗುಲದ ಗಾಲಿಯಾದರೆ ಐದು ಮೀಟರಿಗೂ ಹೆಚ್ಚು ದೂರ ಸಾಗುತ್ತೇವೆ. ಮಾರ್ಕಯನ್‌ಕೋಟ್ಟೈಯಿಂದ ಚಿನ್ನಮನೂರಿಗೆ ಹೋಗುವಂತಹ ಕಂಬಂ ಕಣಿವೆಯ ಸಮತಟ್ಟಾದ ದಾರಿಗಳಿಗೆ ಇದು ಧಾರಾಳವಾಗಿ ಸಾಕು. ಬೋಡಿಮೆಟ್ಟಿನ 17 ಹೇರ್‌ಪಿನ್ ತಿರುವುಗಳನ್ನು ಏರುವವರು ಮಾತ್ರ ಗೇರಿಲ್ಲದಿದ್ದರೆ ಇಳಿದು ತಳ್ಳಬೇಕಾದೀತು.

ಒಂದೇ ಗೇರಿನದರಲ್ಲಿ ಕೆಡುವ ಭಾಗಗಳು ಕಡಿಮೆ. ಚೈನಿಗೆ ಎಣ್ಣೆ ಬಿಡುವುದನ್ನು ಮಕ್ಕಳೇ ಕಲಿಯಬಹುದು. ಉಳಿದ ಹಣ ಒಳ್ಳೆಯ ಬ್ರೇಕಿಗೂ ದೀಪಕ್ಕೂ ಸಲ್ಲಲಿ.

ತಮಿಳುನಾಡಿನ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ 11ನೆಯ ತರಗತಿಯವರಿಗೆ ಸರ್ಕಾರವೇ ಬೈಸಿಕಲ್ಲನ್ನು ಉಚಿತವಾಗಿ ಕೊಡುತ್ತದೆ. ಆದಕಾರಣ ಅಂತಹ ಶಾಲೆಯಲ್ಲಿ 10ನೆಯ ತರಗತಿಯಲ್ಲಿರುವವರು ತಂದೆಯಿಂದ ಸಾಲ ಮಾಡಿಸದೆ ಒಂದು ವರ್ಷ ತಾಳುವುದು ಲೇಸು. ಆದರೆ ಕೆಳತರಗತಿಯ ಮಗಳು ದಾರಿ ದೂರವೆಂದು ಶಾಲೆಯನ್ನೇ ಬಿಡುವಂತಿದ್ದರೆ, ಪೋಷಕರೇ, ಕಾಯಬೇಡಿರಿ. ಒಂದು ಗೇರಿನದನ್ನೇ ಇಂದೇ ಕೊಡಿಸಿರಿ.